ನಾನೂರ ಎಂಟನೇ ರೂಮಿನ ದಿಂಬು

ನನ್ನ ಗಂಡ ಇಪ್ಪತ್ತಾರು ವರ್ಷ ಒಂದು ಲಾಡ್ಜಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿದರು. ದೊಡ್ಡ ಊರು. ಲಾಡ್ಜು ಪೇಟೆಯ ನಟ್ಟನಡುವೆ, ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ಬಾಡಿಗೆ ಕಡಿಮೆ, ಶೀಟು ಬಿಳಿ. ಜನ ಬರುತ್ತಿದ್ದದ್ದು ಈ ಎರಡಕ್ಕೇ. ಶೀಟು ಬಿಳಿಯಾಗಿದ್ದದ್ದು ನಮ್ಮವರಿಂದ ಅಂದರೆ ಹೆಂಡತಿ ಗಂಡನನ್ನು ಹೊಗಳಿದಳು ಅನ್ನುತ್ತೀರಿ. ಅನ್ನಿ. ಇದ್ದಾಗ ಒಂದು ದಿನವೂ ಹೊಗಳಲಿಲ್ಲ. ಈಗ ಹೊಗಳಿದರೆ ಅವರಿಗೆ ಜಂಭ ಬರುವ ಭಯವಿಲ್ಲ.

ಐವತ್ತೆರಡು ರೂಮುಗಳ ಶೀಟು, ದಿಂಬಿನ ಕವರು, ಟವಲು, ಎಲ್ಲ ಅವರ ಕೈ ದಾಟಿ ಮೇಲೆ ಹೋಗುತ್ತಿದ್ದವು. ಅವರು ಮಾತ್ರ ಮೇಲೆ ಹೋದವರಲ್ಲ. ರೂಮು ಹೇಗಿದೆ ಎಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದರು. ಆದರೆ ರೂಮಿನಲ್ಲಿ ಮಲಗಿದವರ ಕಥೆಯೆಲ್ಲ ಗೊತ್ತು. ತಿಂಗಳಿಗೊಮ್ಮೆ ಎರಡು ದಿನ ಮನೆಗೆ ಬಂದಾಗ ನನಗೆ ಅದೇ ಸುದ್ದಿ.

"ನೂರ ಹನ್ನೊಂದರವನು ಹಾಸಿಗೆ ಮೇಲೆ ಕೂತು ಉಣ್ತಾನೆ ಕಣೇ. ಇನ್ನೂರ ಮೂರರವಳು ಅತ್ತಿದ್ದಾಳೆ, ದಿಂಬಿನ ಒಂದೇ ಪಕ್ಕ ಕಲೆ. ಮುನ್ನೂರ ಆರರವನಿಗೆ ನಿದ್ದೆ ಬಂದಿಲ್ಲ, ಶೀಟು ಹಗ್ಗ ಆಗೋಗಿದೆ."

"ಅವರ ಮುಖ ನೋಡಿದ್ದೀರಾ?"

"ಮುಖ ಯಾಕೆ? ಶೀಟು ಸಾಕು."

"ಹಾಗಾದ್ರೆ ನನ್ನ ಶೀಟು ಏನು ಹೇಳುತ್ತೆ?"

"ನಿಂದೂ ನಂದೂ ಒಂದೇ ಶೀಟಲ್ವಾ? ಪೂರ್ತಿ ನೀನೇ ಎಳ್ಕೊಂಡು ಮಲಗ್ತೀಯ. ಅದೇ ಹೇಳುತ್ತೆ."

ನನ್ನದೂ ಬಟ್ಟೆಯ ಕಸುಬೇ. ನಮ್ಮ ಬೀದಿಯ ಹನ್ನೆರಡು ಮನೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುತ್ತೇನೆ. ಒಂದು ಮನೆಯಲ್ಲಿ ಇಬ್ಬರು ಇಸ್ತ್ರಿಯವರಿದ್ದರೆ ಶಾಂತಿ ಎಲ್ಲಿ? ನಾನು ನೀರು ಚಿಮುಕಿಸಿದರೆ ಅವರಿಗೆ ತಪ್ಪು. ಅವರು ಹಬೆ ಅಂದರೆ ನನಗೆ ನಗು. ಮನೆಗೆ ಬಂದ ಎರಡು ದಿನ ಬಟ್ಟೆ ಅನ್ನುವುದನ್ನು ಮುಟ್ಟುತ್ತಿರಲಿಲ್ಲ. ಒಂದು ಕರವಸ್ತ್ರ ಮಡಿಚಿದವರಲ್ಲ. ಕಾಲು ಚಾಚಿ ಕೂತು ನನ್ನ ಕೆಲಸದಲ್ಲಿ ಹುಳುಕು ಹುಡುಕುವುದು, ಅದೇ ಅವರ ರಜೆ.

ಐದು ತಿಂಗಳ ಹಿಂದೆ ಹಾಗೆಯೇ ಬಂದರು. ಶರ್ಟು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿದರು. ಬಿಚ್ಚಿದ ಶರ್ಟನ್ನು ನಾನು ಆಗಲೇ ನೀರಿಗೆ ಹಾಕುವವಳು. ಆ ದಿನ ಅವರು ಕಾಲರು ತೋರಿಸಿ, "ಗಂಜಿ ಜಾಸ್ತಿ ಮಾಡಿದ್ದೀಯ, ಕತ್ತು ಕುಯ್ದುಹೋಯ್ತು" ಅಂದರು. ನನಗೆ ಸಿಟ್ಟು ಬಂತು. "ಬೇಕಿದ್ರೆ ನೀವೇ ಒಗ್ಕೊಳ್ಳಿ" ಅಂದೆ. ಉಂಡು ಮಲಗಿದರು. ಏಳಲಿಲ್ಲ. ಗಂಡನಿಗೆ ನಾನು ಹೇಳಿದ ಕೊನೆಯ ಮಾತು ಅದು. ಬೇರೆಯವರ ಹೆಂಡತಿಯರು ಏನೇನು ಹೇಳಿರುತ್ತಾರೋ. ನಾನು ಹೇಳಿದ್ದು ನೀವೇ ಒಗ್ಕೊಳ್ಳಿ.

ಆ ಶರ್ಟನ್ನು ನಾನು ಒಗೆಯಲಿಲ್ಲ. ಅದರಲ್ಲಿ ಅವರ ವಾಸನೆ ಇತ್ತು. ಊರವರ ಬೆವರನ್ನೆಲ್ಲ ಉಜ್ಜಿ ತೆಗೆದ ಕೈ ಇದು, ಒಬ್ಬರ ಬೆವರನ್ನು ಉಳಿಸಿಕೊಂಡೆ. ಶರ್ಟನ್ನು ಮಡಿಚಿ ನನ್ನ ದಿಂಬಿನ ಕವರಿನೊಳಗೆ ಹಾಕಿದೆ. ಅದರ ಮೇಲೆ ಕೆನ್ನೆ ಇಟ್ಟರೆ ನಿದ್ದೆ, ಇಲ್ಲದಿದ್ದರೆ ಇಲ್ಲ. ಅವರ ಫೋಟೊ ಇತ್ತು, ಕನ್ನಡಕ ಇತ್ತು. ಆದರೆ ಫೋಟೊಗೆ ವಾಸನೆ ಇಲ್ಲ. ನನ್ನ ಹತ್ತಿರ ಉಳಿದ ಗಂಡ ಅಂದರೆ ಆ ಶರ್ಟೇ.

ಲಾಡ್ಜಿನಿಂದ ಫೋನು ಬಂತು. ಅವರ ಕಪಾಟನ್ನು ಬೇರೆಯವರಿಗೆ ಕೊಡಬೇಕಂತೆ, ನೀವೇ ಬಂದು ಸಾಮಾನು ತೆಗೆದುಕೊಂಡು ಹೋಗಿ ಅಂದರು. ಎರಡು ದಿನ ನಮ್ಮ ಗೆಸ್ಟಾಗಿ ಇರಿ, ರೂಮು ಕೊಡುತ್ತೇವೆ ಅಂದರು. ನಾನು ಒಳ್ಳೆಯ ಬಟ್ಟೆ ಹಾಕಿ, ಶರ್ಟನ್ನು ಚೀಲದಲ್ಲಿಟ್ಟು ಹೊರಟೆ.

ಕೌಂಟರಿನಲ್ಲಿದ್ದವರು ಎದ್ದು ನಿಂತು ಮಾತಾಡಿಸಿದರು. ನನಗೆ ಯಾರೂ ಎದ್ದು ನಿಂತದ್ದು ನೆನಪಿಲ್ಲ, ಹಿಂದೆ ಯಾರೋ ಬಂದಿರಬೇಕು ಎಂದು ತಿರುಗಿ ನೋಡಿದೆ. "ನಿಮ್ಮ ಯಜಮಾನ್ರು ತುಂಬಾ ಒಳ್ಳೆಯವ್ರು ಅಮ್ಮ" ಅಂದರು. "ಮನೇಲಿ ಇದ್ದದ್ದು ತಿಂಗಳಿಗೆ ಎರಡು ದಿನ, ಒಳ್ಳೆಯವ್ರಾಗಿರೋದು ಕಷ್ಟ ಏನಲ್ಲ" ಅಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕೀ ಕೊಟ್ಟರು.

ನಾಲ್ಕನೇ ಮಹಡಿ, ನಾನೂರ ಎಂಟು. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿದೆ. ಮಂಡಿ ನನಗೆ ಬೈದಷ್ಟು ನನ್ನ ಅತ್ತೆಯೂ ಬೈದಿಲ್ಲ. ರೂಮಿನಲ್ಲಿ ಒಂದು ಮಂಚ, ಒಂದು ಮೇಜು, ಗೋಡೆಗೆ ಅಂಟಿದ ಟಿವಿ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಬೆನ್ನು, ಅದರ ತುಂಬ ನೀರಿನ ಪೈಪುಗಳು. ಬಚ್ಚಲಲ್ಲಿ ನಲ್ಲಿ ತಿರುಗಿಸಿದೆ, ನೀರು ನೆತ್ತಿಯ ಮೇಲಿಂದ ಬಂತು. ಒಳ್ಳೆಯ ಬಟ್ಟೆ ಅಲ್ಲೇ ನೆಂದಿತು. ಮೊದಲು ಮಾಡಿದ ಕೆಲಸವೆಂದರೆ ಶೀಟು ಮೂಸಿದ್ದು. ಬಿಳುಪಿನ ಪುಡಿ ಒಂದು ಚಿಟಿಕೆ ಜಾಸ್ತಿ. ಅವರು ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂದುಕೊಂಡೆ. ನೋಡಿ, ಹೊಗಳುವುದು ಅಷ್ಟು ಕಷ್ಟವೇನಲ್ಲ. ಮಲಗುವಾಗ ಲಾಡ್ಜಿನ ದಿಂಬಿನ ಕವರಿನೊಳಗೆ ಶರ್ಟು ಸೇರಿಸಿದೆ. ನಿದ್ದೆ ಬಂತು.

ಬೆಳಗ್ಗೆ ರೂಮು ಗುಡಿಸುವ ಹೆಂಗಸು ಬಾಗಿಲು ಬಡಿದಳು. ನಲವತ್ತರ ಹತ್ತಿರದವಳು, ಸೊಂಟದಲ್ಲಿ ಕೀ ಗೊಂಚಲು.

"ಬೇಡಮ್ಮ, ನಾನೇ ಮಾಡ್ಕೋತೀನಿ" ಅಂದೆ.

"ಅಯ್ಯೋ, ನೀವು ಗೆಸ್ಟು."

"ಗೆಸ್ಟಿಗೆ ಕೈ ಇಲ್ವಾ? ಹೋಗು, ಒಂದು ರೂಮು ಕಡಿಮೆ ಆಯ್ತು ಅಂದ್ಕೋ."

ನಕ್ಕು ಹೋದಳು. ಇನ್ನೊಬ್ಬಳು ನನ್ನ ಹಾಸಿಗೆ ಸರಿಮಾಡುವುದೆಂದರೆ ನನ್ನ ಮುಖ ಇನ್ನೊಬ್ಬಳು ತೊಳೆದ ಹಾಗೆ. ಟವಲಿನಿಂದ ನೆಲ ಒರೆಸಿದೆ. ಶೀಟನ್ನು ಒಂದು ಸುಕ್ಕಿಲ್ಲದಂತೆ ಎಳೆದೆ. ಮೂಲೆಗಳನ್ನು ಲಕೋಟೆಯ ಹಾಗೆ ಮಡಿಚಿ ಹಾಸಿಗೆಯ ಕೆಳಗೆ ತೂರಿಸಿದೆ. ದಿಂಬು ತಟ್ಟಿ ಇಟ್ಟೆ. ಶರ್ಟು ಅದರೊಳಗೇ ಇರಲಿ ಎಂದು ಬಿಟ್ಟೆ. ಚೀಲದಲ್ಲಿಟ್ಟರೆ ಕಳ್ಳ ಚೀಲವನ್ನೇ ಎತ್ತುತ್ತಾನೆ, ದಿಂಬು ಕದಿಯುವ ಕಳ್ಳ ಇನ್ನೂ ಹುಟ್ಟಿಲ್ಲ. ಇದು ನನ್ನ ಬುದ್ಧಿ. ಬಾಗಿಲಲ್ಲಿ ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚಿದೆ. ಆ ಮೆಚ್ಚುಗೆಗೆ ಮಧ್ಯಾಹ್ನದೊಳಗೆ ದಂಡ ಕಟ್ಟಿದೆ.

ಕೆಳಗೆ ಕೌಂಟರಿನವರು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಕಪಾಟಿನ ಸಾಮಾನು. ಒಂದು ಜೊತೆ ಚಪ್ಪಲಿ, ಬಾಚಣಿಗೆ, ಟೀ ಲೋಟ, ಬೆರಳು ಸುಟ್ಟರೆ ಹಚ್ಚುವ ಮುಲಾಮು. ಅವರು ಕೆಲಸ ಮಾಡಿದ ಜಾಗ ನೋಡಬಹುದಾ ಎಂದು ಕೇಳಿದೆ. "ಕೆಳಗೆ ಗೆಸ್ಟುಗಳನ್ನ ಬಿಡಲ್ಲ ಅಮ್ಮ, ಬಿಸಿ ಪೈಪು, ಒದ್ದೆ ನೆಲ, ಜಾರಿಬಿದ್ರೆ ನಮ್ಮ ತಲೆಗೆ ಬರುತ್ತೆ" ಅಂದರು. ಸರಿ ಎಂದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬೀದಿ ನೋಡಲು ಹೋದೆ.

ಬೀದಿ ನೋಡಿದೆನೋ, ಬೀದಿಯೇ ನನ್ನನ್ನು ನೋಡಿತೋ. ಅಂಗಡಿಗಳ ಮುಂದೆ ನಿಂತು ಗಾಜಿನೊಳಗಿನ ಗೊಂಬೆಗಳಿಗೆ ಹಾಕಿದ ಬಟ್ಟೆಯ ಇಸ್ತ್ರಿ ಸರಿಯಿಲ್ಲ ಎಂದು ಗೊಣಗಿದೆ. ಸುತ್ತಿ ಸುತ್ತಿ ಕಾಲು ಸೋತು ವಾಪಸು ಬಂದೆ. ಅದೇ ಗಾಜಿನ ಬಾಗಿಲು, ಅವೇ ಎರಡು ಹೂಕುಂಡ. ಕೌಂಟರಿನಲ್ಲಿ ಬೇರೆ ಯಾರೋ ಇದ್ದರು, ಪಾಳಿ ಬದಲಾಗಿರಬೇಕು ಅಂದುಕೊಂಡೆ. ನಾಲ್ಕು ಮಹಡಿ ಹತ್ತಿದೆ. ನಾನೂರ ಎಂಟಕ್ಕೆ ಕೀ ಹಾಕಿದೆ. ತಿರುಗಲಿಲ್ಲ. ಭುಜ ಕೊಟ್ಟು ನೂಕಿದೆ. ಬಾಗಿಲು ತೆರೆಯಿತು. ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡ ಗಂಡಸೊಬ್ಬರು ನಿಂತಿದ್ದರು.

"ನನ್ನ ರೂಮಲ್ಲಿ ನೀವೇನು ಮಾಡ್ತಿದ್ದೀರಿ?" ಅಂದೆ.

"ಶೇವಿಂಗು" ಅಂದರು ಆ ಮನುಷ್ಯ. "ನಾನು ಹನ್ನೊಂದು ದಿನದಿಂದ ಇಲ್ಲಿದ್ದೀನಲ್ಲಮ್ಮ."

"ಹನ್ನೊಂದು ದಿನದಿಂದಾನಾ? ನಾನು ನಿನ್ನೆ ಇಲ್ಲೇ ಮಲಗಿದ್ದೆ!"

ಪಾಪ, ಅವರು ಒಮ್ಮೆ ತಮ್ಮ ಮಂಚವನ್ನು ತಿರುಗಿ ನೋಡಿದರು. ಆಮೇಲೆ ನನ್ನ ಕೈಯಿಂದ ಕೀ ತೆಗೆದುಕೊಂಡು ಅದಕ್ಕೆ ಕಟ್ಟಿದ್ದ ಬಿಲ್ಲೆ ಓದಿದರು. "ಇದು ಪಕ್ಕದ ಲಾಡ್ಜು, ತಾಯಿ."

ನಾಲ್ಕು ಮಹಡಿ ಇಳಿದೆ. ಪಕ್ಕಕ್ಕೆ ಹೋಗಿ ಮತ್ತೆ ನಾಲ್ಕು ಹತ್ತಿದೆ. ಈ ಸಲ ಕೀ ತಿರುಗಿತು. ಒಳಗೆ ಹೋದವಳು ಮಂಚ ನೋಡಿ ನಿಂತೆ. ಶೀಟು ನಾನು ಹಾಸಿದ್ದಲ್ಲ. ಮೂಲೆಗಳು ಲಕೋಟೆಯ ಹಾಗಿರಲಿಲ್ಲ. ದಿಂಬಿಗೆ ಹೊಸ ಕವರು. ಒತ್ತಿ ನೋಡಿದೆ. ಕೈ ಹಾಕಿದೆ. ಹತ್ತಿ, ಬರೀ ಹತ್ತಿ.

ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ, ರೂಮು ಗುಡಿಸುವವಳು ಪೊರಕೆ ಹಿಡಿದುಕೊಂಡೇ ಓಡಿಬಂದಳು.

"ಶೀಟು ಯಾಕೆ ತೆಗೆದೆ? ಬೇಡ ಅಂದಿದ್ನಲ್ಲ!"

"ಏನು ಮಾಡ್ಲಿ ಅಮ್ಮ, ನೀವು ಅಷ್ಟು ನೀಟಾಗಿ ಹಾಸಿಬಿಟ್ಟಿದ್ದೀರಿ!"

"ನೀಟಾಗಿ ಹಾಸಿದ್ರೆ ತೆಗೀತಾರಾ?"

"ಹೂಂ ಮತ್ತೆ. ನೀವು ಸುಕ್ಕುಸುಕ್ಕಾಗಿ ಬಿಟ್ಟಿದ್ರೆ ಕೈಯಾಡಿಸಿ ಹೋಗ್ತಿದ್ದೆ. ಎರಡು ದಿನದ ಗೆಸ್ಟಿಗೆ ನಡುವೆ ಶೀಟು ಬದಲಾಯಿಸಲ್ಲ. ಆದ್ರೆ ಮಲಗಿದ ಶೀಟು ಹೊಸದರ ಹಾಗೆ ಕಂಡ್ರೆ ಸೂಪರ್‌ವೈಸರು ನನ್ನ ಹಿಡ್ಕೋತಾರೆ. ಹಳೇ ಶೀಟು ಎಳೆದು ಹೊಸದು ಅಂತ ತೋರಿಸಿದ್ದೀಯ, ಗೆಸ್ಟಿಗೆ ಮೋಸ ಮಾಡಿದ್ದೀಯ ಅಂತ. ಹಿಂದೆ ಒಬ್ಬಳ ಕೆಲಸ ಹಾಗೇ ಹೋಯ್ತು. ಹೆದರಿ ಎಲ್ಲ ಬಿಚ್ಚಿ ಕೆಳಗೆ ಕಳಿಸಿದೆ."

ನನಗೆ ನನ್ನ ಮೂಲೆಗಳು ನೆನಪಾದವು. ಜಾಣೆಯ ಜಾಣತನ ಅತಿಯಾದರೆ ಹೀಗೇ. ಸೋಮಾರಿಯಾಗಿ ಹಾಗೇ ಬಿಟ್ಟು ಹೋಗಿದ್ದರೆ ಗಂಡ ಉಳಿಯುತ್ತಿದ್ದರು.

"ದಿಂಬಿನೊಳಗೆ ಏನಿತ್ತು ಅಮ್ಮ? ದುಡ್ಡಾ?"

"ಅಲ್ಲ. ಕೊಳೆ ಶರ್ಟು."

ಅವಳು ನನ್ನ ಮುಖ ನೋಡಿದಳು. ನಾನು ಮೆಟ್ಟಿಲ ಕಡೆ ಓಡಿದೆ. ಮಂಡಿ ಈ ಸಲ ಬಾಯಿ ಬಿಡಲಿಲ್ಲ, ಅದಕ್ಕೂ ಗಾಬರಿ. ಕೌಂಟರಿನವರು ಅಡ್ಡ ಬಂದರು. "ಅಮ್ಮ, ಅಮ್ಮ, ಕೆಳಗೆ ಗೆಸ್ಟು ಹೋಗೋ ಹಾಗಿಲ್ಲ."

"ನಾನು ಗೆಸ್ಟಲ್ಲ. ಹೆಂಡ್ತಿ" ಅಂದೆ. ಪಕ್ಕಕ್ಕೆ ಸರಿದರು.

ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಕೊನೆಯಲ್ಲಿ ದಪ್ಪ ಬಾಗಿಲು. ಅದನ್ನು ತಳ್ಳಿದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅದರ ಜೊತೆ ವಾಸನೆ.

ಅವರ ವಾಸನೆ.

ಒಳಗೆ ಇದ್ದಾರೆ ಅಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೂಲೆಮೂಲೆಯಲ್ಲಿ ಕಣ್ಣಾಡಿಸಿ ಹುಡುಕಿದೆ. ಎರಡು ದೊಡ್ಡ ಯಂತ್ರ ಗಡಗಡ ತಿರುಗುತ್ತಿದ್ದವು. ಉದ್ದನೆಯ ಮೇಜು, ಅದರ ಮೇಲೆ ಹಬೆ ಬಿಡುವ ಇಸ್ತ್ರಿ. ಸೋಪು, ಬಿಳುಪಿನ ಪುಡಿ, ಕಾದ ಹತ್ತಿಬಟ್ಟೆ, ಯಂತ್ರದ ಎಣ್ಣೆ, ಗಾಳಿಯಾಡದ ಗೋಡೆ. ಎಲ್ಲ ಸೇರಿ ಆ ವಾಸನೆ. ಇಪ್ಪತ್ತಾರು ವರ್ಷ ತಿಂಗಳಿಗೊಮ್ಮೆ ಬಾಗಿಲು ತೆರೆದಾಗ ನನ್ನ ಮೂಗಿಗೆ ಬರುತ್ತಿದ್ದದ್ದು ಇದು. ಗಂಡನ ಮೈವಾಸನೆ ಅಂದುಕೊಂಡು ನಾನು ಸಂಸಾರ ಮಾಡಿದ್ದು ಒಂದು ನೆಲಮಾಳಿಗೆಯ ಜೊತೆ.

ಮೇಜಿನ ಹತ್ತಿರ ಒಬ್ಬ ಹೆಂಗಸು ಟವಲು ಮಡಿಚುತ್ತಿದ್ದಳು. ದಪ್ಪ ಮೈ, ಮೂಗಿನ ತುದಿಗೆ ಇಳಿದ ಕನ್ನಡಕ. ಅವಳ ಹಿಂದೆ ಮೊಳೆಯ ಮೇಲೆ, ಹ್ಯಾಂಗರಿನಲ್ಲಿ, ನನ್ನ ಶರ್ಟು. ತೊಳೆದು, ಇಸ್ತ್ರಿ ಮಾಡಿ, ಮೇಲಿನ ಗುಂಡಿ ಹಾಕಿ. ಮದುವೆಗೆ ಹೊರಟವರ ಶರ್ಟಿನ ಹಾಗೆ.

"ಯಾರು ಇದನ್ನ ಒಗೆದದ್ದು?"

"ನಾನೇ" ಅಂದಳು. ಮುಖದಲ್ಲಿ ಹೆಮ್ಮೆ ಬೇರೆ. "ಯಾಕಮ್ಮ?"

"ಯಾರೇ ನೀನು, ನನ್ನ ಗಂಡನ ಶರ್ಟು ಒಗೆಯೋಕೆ?"

ಅವಳ ಕೈಯಿಂದ ಟವಲು ಬಿತ್ತು. "ಅಯ್ಯೋ, ಮೇಷ್ಟ್ರ ಮನೆಯೋರಾ!"

ನಮ್ಮವರನ್ನು ಅಲ್ಲಿ ಮೇಷ್ಟ್ರು ಅನ್ನುತ್ತಿದ್ದರಂತೆ. ಪಾಠಕ್ಕಿಂತ ಬೈಗುಳ ಹೆಚ್ಚು ಎಂದು. ಅವಳು ನನ್ನನ್ನು ಬಟ್ಟೆ ಮೂಟೆಯ ಮೇಲೆ ಕೂರಿಸಿದಳು. ನೀರು ಕೊಟ್ಟಳು. ನಾನು ಕುಡಿಯಲಿಲ್ಲ.

"ದಿಂಬಿನ ಕವರು ಬಂದ್ರೆ ಮೊದಲು ಕೈ ಹಾಕಿ ಎರಡೂ ಮೂಲೆ ತಡಕಬೇಕು, ಆಮೇಲೆ ನೀರು. ಮೇಷ್ಟ್ರ ಕಾನೂನು. ಜನ ಏನೇನೋ ಇಟ್ಟು ಮರೀತಾರೆ ಅಕ್ಕ, ಒಂದ್ಸಲ ಒಂದು ಸೆಟ್ಟು ಹಲ್ಲು ಸಿಕ್ಕಿತ್ತು. ಇವತ್ತು ಕೈ ಹಾಕಿದೆ, ಶರ್ಟು. ಬಿಚ್ಚಿ ನೋಡ್ತೀನಿ, ಮೂರನೇ ಗುಂಡಿ ಬೇರೆ ಬಣ್ಣ. ಮೇಷ್ಟ್ರು ಆ ಗುಂಡಿ ಹೊಲ್ಕೊಂಡದ್ದು ಇದೇ ಮೇಜಿನ ಹತ್ರ ನಿಂತ್ಕೊಂಡು, ಗೊತ್ತಾಗಲ್ವಾ ನನಗೆ? ಇಲ್ಲಿಗೆ ಹೇಗೆ ಬಂತೋ, ಯಾರ ಹತ್ರ ಉಳಿದಿತ್ತೋ ಅಂದ್ಕೊಂಡೆ. ಕಾಲರು ಕರ್ರಗೆ. ಮೇಷ್ಟ್ರ ಶರ್ಟು ಕೊಳೆ ಇಟ್ಕೊಂಡು ಬಿದ್ದಿರ್ಬೇಕಾ? ನಮ್ಮ ಮರ್ಯಾದೆ ಏನಾಗ್ಬೇಕು? ಯಂತ್ರಕ್ಕೆ ಹಾಕಲಿಲ್ಲ ಅಕ್ಕ, ನನ್ನ ಕೈಯಾರೆ ಉಜ್ಜಿದೆ."

ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅದೇ ಹೊಟ್ಟೆ ಉರಿಸಿತು. ನಮ್ಮ ಕಸುಬಿನವರಿಗೆ ಪ್ರೀತಿ ತೋರಿಸಲು ಬರುವುದು ಅದೊಂದೇ. ಒಗೆಯುವುದು.

"ವಾಸನೆಗೆ ಇಟ್ಕೊಂಡಿದ್ದೆ" ಅಂದೆ. "ಅವರದ್ದು ಅಂತ ಅದೊಂದೇ ಇತ್ತು. ದಿನಾ ಅದರ ಮೇಲೆ ಮಲಗ್ತಿದ್ದೆ. ತೊಳೆದುಬಿಟ್ಟೆಯಲ್ಲೇ." ಅಲ್ಲಿಗೆ ಅಳು ಬಂತು. ಐದು ತಿಂಗಳಿಂದ ಅತ್ತದ್ದೆಲ್ಲ ಸಣ್ಣಪುಟ್ಟದ್ದು, ಇದು ದೊಡ್ಡದು. ಯಂತ್ರದ ಗಡಗಡಕ್ಕಿಂತ ನನ್ನದೇ ಜೋರಾಗಿತ್ತು.

ನಾನು ಮೂಗು ಒರೆಸಿಕೊಂಡ ಮೇಲೆ ಅವಳು ಮೆಲ್ಲಗೆ ಅಂದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಕ್ಕ."

"ಹೇಳು. ಇನ್ನೇನು ಬಾಕಿ ಇದೆ."

"ನೀರಿಗೆ ಹಾಕೋ ಮುಂಚೆ ನಾನೂ ಮೂಸಿದೆ."

"ನೀನ್ಯಾಕೆ ಮೂಸಬೇಕಿತ್ತು?"

"ಹದಿನೈದು ವರ್ಷ ಜೊತೆಗೆ ಕೆಲಸ ಮಾಡಿದೋಳು, ಮೂಸಬಾರದಾ? ಅದ್ರಲ್ಲಿ ಮೇಷ್ಟ್ರು ಇರ್ಲಿಲ್ಲ ಅಕ್ಕ. ಬರೀ ತಲೆ ಎಣ್ಣೆ. ಬೆನ್ನಿನ ತುಂಬ ಎಣ್ಣೆ ಕುಡಿದಿತ್ತು. ಎರಡು ಸಲ ಸೋಪು ಹಾಕಿದ್ಮೇಲೆ ಬಿಡ್ತು."

ನಾನು ಕೈಯಿಂದ ತಲೆ ಮುಟ್ಟಿಕೊಂಡೆ. ಮಲಗುವ ಮುಂಚೆ ತಲೆಗೆ ಎಣ್ಣೆ ಹಚ್ಚುವುದು ನನ್ನ ಅಭ್ಯಾಸ. ಧಾರಾಳವಾಗಿಯೇ ಹಚ್ಚುತ್ತೇನೆ. ಐದು ತಿಂಗಳು, ದಿನಾ. ಅವರ ವಾಸನೆ ಎಷ್ಟನೇ ದಿನ ಹೋಯಿತೋ, ಎಣ್ಣೆ ಎಷ್ಟನೇ ದಿನ ಬಂದು ಕೂತಿತೋ. ನನ್ನ ತಲೆಯನ್ನೇ ಮೂಸಿಕೊಂಡು, ಗಂಡ ಇದ್ದಾರೆ ಎಂದು ಅಳುತ್ತಿದ್ದೆ ನಾನು.

ನಗು ಬಂತು. ಬರಬಾರದಿತ್ತು, ಬಂತು. ನನ್ನ ನಗು ನೋಡಿ ಅವಳಿಗೆ ಧೈರ್ಯ ಬಂದು ಅವಳೂ ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಸಿಟ್ಟು ಬಂತು.

"ನೀನ್ಯಾಕೆ ನಗ್ತೀಯ?"

"ಇಲ್ಲ ಅಕ್ಕ" ಎಂದು ಬಾಯಿ ಮುಚ್ಚಿಕೊಂಡಳು.

ಯಂತ್ರ ನಿಂತಿತು. ಅವಳು ಬಿಸಿ ಶೀಟುಗಳ ರಾಶಿಯನ್ನು ಮೇಜಿನ ಮೇಲೆ ಎಳೆದು ಹಾಕಿದಳು. ಒಂದರ ಎರಡು ತುದಿ ಹಿಡಿದು, ನಡುವನ್ನು ಗಲ್ಲದಡಿ ಒತ್ತಿಕೊಂಡು, ಒಬ್ಬಳೇ ಹೆಣಗತೊಡಗಿದಳು. ಅರ್ಧ ಶೀಟು ನೆಲ ಗುಡಿಸುತ್ತಿತ್ತು. ಬಟ್ಟೆಯವಳಿಗೆ ಅದನ್ನು ಕೂತು ನೋಡುವುದಾಗುವುದಿಲ್ಲ. ಎದ್ದು ಇನ್ನೊಂದು ತುದಿ ಹಿಡಿದೆ.

"ಬಿಡಿ ಅಕ್ಕ, ನೀವು ಗೆಸ್ಟು."

"ಸುಮ್ನೆ ಹಿಡಿ. ಇಲ್ಲಿ ಈ ತುದಿ ಹಿಡೀತಿದ್ದವರು ಯಾರು?"

"ಇನ್ಯಾರು, ಮೇಷ್ಟ್ರೇ. ಹದಿನೈದು ವರ್ಷ."

ಮನೆಯಲ್ಲಿ ಶೀಟಿನ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಮಡಿಚುವವಳು ನಾನು. ಗಂಡ ಎಂಬ ಗಂಡ ಎದುರಿಗೇ ಕಾಲು ಚಾಚಿ ಕೂತಿರುತ್ತಿದ್ದರು. ಇಲ್ಲಿ ಇವಳೆದುರು ದಿನಕ್ಕೆ ನೂರು ಶೀಟು. ದೂರ ನಿಂತು ಕೊಡವಬೇಕು, ಉದ್ದಕ್ಕೆ ಮಡಿಚಬೇಕು, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಪ್ರತಿ ಶೀಟಿಗೂ ಕೈಗೆ ಕೈ ತಾಗುತ್ತದೆ. ನನಗೆ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ, ಸತ್ತ ಗಂಡನ ಮೇಲೆ, ಶೀಟಿನ ವಿಷಯಕ್ಕೆ.

"ಮಾತಾಡ್ತಿದ್ರಾ?" ಎಂದು ಕೇಳಿದೆ, ಏನೂ ಅಲ್ಲದ ಹಾಗೆ.

"ಬೈತಿದ್ರು. ಮೊದಲ ದಿನ ನಾನು ಸಂಕೋಚಕ್ಕೆ ದೂರ ದೂರ ನಿಂತಿದ್ದೆ, ತುದಿ ಸೇರ್ತಾನೇ ಇರ್ಲಿಲ್ಲ. 'ಹತ್ರ ಬಾಮ್ಮ, ನಾನೇನು ಕಚ್ಚಲ್ಲ' ಅಂದ್ರು."

ನಾನು ಶೀಟು ಹಿಡಿದುಕೊಂಡು ನಿಂತುಬಿಟ್ಟೆ.

"ಯಾಕಕ್ಕ?"

"ಮದುವೆ ಆದ ಹೊಸದರಲ್ಲಿ ನನಗೂ ಅದೇ ಹೇಳಿದ್ರು. ಅದೇ ಮಾತು. ನನಗೊಬ್ಬಳಿಗೇ ಅಂದ್ಕೊಂಡಿದ್ದೆ."

ಅವಳು ಕನ್ನಡಕ ಮೇಲೆ ತಳ್ಳಿಕೊಂಡಳು. "ಹೊಸಬರಿಗೆಲ್ಲ ಹೇಳ್ತಿದ್ರು ಅಕ್ಕ" ಅಂದಳು ಕೊನೆಗೆ. "ಸೂಪರ್‌ವೈಸರಿಗೂ ಹೇಳಿದ್ರು."

ಅದು ಸಮಾಧಾನವೋ ಅವಮಾನವೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಆ ಬಿಸಿಯಲ್ಲಿ, ಆ ವಾಸನೆಯಲ್ಲಿ, ಆ ಮಾತು ಹೇಳಿದ ದನಿಯೇ ಕಿವಿಗೆ ಬಿದ್ದ ಹಾಗಾಯಿತು. ಶರ್ಟು ಎಂದೂ ಒಂದು ಮಾತೂ ಆಡಿರಲಿಲ್ಲ.

ಶೀಟಿನ ರಾಶಿ ಇನ್ನೂ ಎದೆಮಟ್ಟ ಇತ್ತು. ಮೇಲೆ ಕಿಟಕಿಯಿರುವ ರೂಮು, ನೆತ್ತಿಯ ಮೇಲೆ ನೀರು ಸುರಿಯುವ ಬಚ್ಚಲು ನನಗಾಗಿ ಕಾಯುತ್ತಿದ್ದವು. ಸಂಜೆಯವರೆಗೆ ಅಲ್ಲೇ ಇದ್ದೆ. ಒಮ್ಮೆ ಕೌಂಟರಿನವರು ಇಣುಕಿ ನೋಡಿ, ಗೆಸ್ಟು ಶೀಟು ಕೊಡವುತ್ತಿರುವುದನ್ನು ಕಂಡು, ಏನೂ ಕಾಣದವರ ಹಾಗೆ ಬಾಗಿಲು ಎಳೆದುಕೊಂಡರು.

"ಅಕ್ಕ, ಅಷ್ಟು ಎಳೀಬೇಡಿ, ಮೂಲೆ ಹರಿಯುತ್ತೆ" ಅಂದಳು ಅವಳು.

"ನನಗೇ ಹೇಳ್ಕೊಡ್ತೀಯಾ? ನಿನ್ನ ಕಡೆ ಸೊಟ್ಟ ಇದೆ, ಮೊದಲು ಅದನ್ನ ನೋಡು."

"ಸೊಟ್ಟ ನಿಮ್ಮ ಕಡೆ."

"ನನ್ನ ಕಡೆ ಸೊಟ್ಟ ಆಗಿದ್ದೇ ಇಲ್ಲ ಈ ಜನ್ಮದಲ್ಲಿ" ಎಂದೆ. "ಹತ್ರ ಬಾ, ಅಳೆದು ನೋಡೋಣ."

ಅಳೆದೆವು. ನನ್ನ ಕಡೆಯೇ ಸೊಟ್ಟ ಇತ್ತು.